ದೇವರ ಬಲಗಡೆ

ಎರಡು ಶಾಲೆಗಳಲ್ಲಿ ಒಂದನ್ನೂ ನಾನು ನೋಡಿರಲಿಲ್ಲ. ನೋಡಿಕೊಂಡು ಬರೋಣವೆಂದರೆ ಅತ್ತೆಯನ್ನು ಬಿಟ್ಟು ಹೋಗುವಂತಿರಲಿಲ್ಲ. ದೀಪಾವಳಿಯ ಹೊತ್ತಿಗೆ ಲಕ್ವ ಹೊಡೆದು ಅವರ ಒಂದು ಪಕ್ಕ ಪೂರ್ತಿ ಬಿದ್ದುಹೋಗಿತ್ತು.

ನಮ್ಮೂರು ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವೆ ಇದೆ. ಮಠದವರ ಹಾಸ್ಟೆಲ್ ಶಾಲೆ ನಗರದಲ್ಲಿ, ಅಂದರೆ ಚಾಮರಾಜನಗರದಲ್ಲಿ. ಸಿಸ್ಟರುಗಳ ಶಾಲೆ ಗುಂಡ್ಲುಪೇಟೆ ದಾಟಿ, ಕೇರಳದ ರಸ್ತೆಯಲ್ಲಿ. ನಮ್ಮ ಯಜಮಾನರು ಶಿವಶಂಕರ ತರಕಾರಿ ಲಾರಿ ಓಡಿಸುತ್ತಾರೆ. ಆ ಶಾಲೆಯ ಮುಂದೆಯೇ ಹೋಗಿಬಂದರೂ ಒಂದು ದಿನವೂ ನಿಲ್ಲಿಸಿದವರಲ್ಲ.

"ಹೆಂಗೈತೆ?" ಎಂದು ಕೇಳಿದೆ.

"ಗೇಟು ಹಸ್ರು ಬಣ್ಣ."

"ಒಳಗೆ?"

"ಲಾರಿ ಓಡಿಸ್ಲೋ, ಒಳೀಕೆ ಇಣುಕ್ಲೋ?"

ಮಗಳು ಪವಿತ್ರ ಏಳನೆಯದು ಮುಗಿಸಿದ್ದಳು. ಆ ವರ್ಷ ಅವಳು ಶಾಲೆಗೆ ಹೋದದ್ದಕ್ಕಿಂತ ಮನೆಯಲ್ಲಿ ಉಳಿದದ್ದೇ ಹೆಚ್ಚು. ನಾನು ಅರಿಶಿನದ ಹೊಲಕ್ಕೆ ಹೋದರೆ ಅಜ್ಜಿಗೆ ಗಂಜಿ ಕುಡಿಸಬೇಕು, ಮಗ್ಗುಲು ಬದಲಿಸಬೇಕು, ಬಟ್ಟೆ ತೆಗೆಯಬೇಕು. ಮೊದಮೊದಲು ನಾನು ಹೇಳಿದರೆ ಉಳಿಯುತ್ತಿದ್ದಳು. ಆಮೇಲೆ ಹೇಳದಿದ್ದರೂ ಉಳಿದಳು. ಒಂದು ಬೆಳಿಗ್ಗೆ ಯೂನಿಫಾರಂ ತೊಟ್ಟು, ಜಡೆ ಹಾಕಿಕೊಂಡು, ಹಾಗೆಯೇ ಕೂತು ಅಜ್ಜಿಯ ಬಾಯಿ ಒರೆಸುತ್ತಿದ್ದಳು. ಬಸ್ಸು ಹಾರ್ನ್ ಮಾಡಿದರೂ ತಲೆ ಎತ್ತಲಿಲ್ಲ. ಅದನ್ನು ನೋಡಿದ ಮೇಲೆ ಹಾಸ್ಟೆಲಿನ ಮಾತು ತೆಗೆದವಳು ನಾನೇ.

ಅತ್ತೆ ಶಾಂತಮಲ್ಲಮ್ಮ ಕೆಟ್ಟವರಲ್ಲ. ಮಾತು ತೊದಲಿದರೂ ನಾಲಿಗೆಯ ಚುರುಕು ಹಾಗೇ ಇತ್ತು. "ಸಿಸ್ಟ್ರು ತಾವ ಬುಟ್ರೆ ಮೀನು ತಿನ್ಸಿ ಕಳುಸ್ತಾರೆ ಕಣವ್ವ. ಆಮೇಕೆ ಲಿಂಗ ನಿನ್ ಮಗ್ಳು ಕಟ್ಕತಾಳಾ, ಮೀನು ಕಟ್ಕತದಾ?" ಎಂದು ತಾವೇ ನಕ್ಕರು. ನಕ್ಕಾಗ ಬಾಯಿಂದ ಗಂಜಿ ಸೋರಿತು. ಪವಿತ್ರ ಒರೆಸಿದಳು.

ಎಸ್‌ಟಿಡಿ ಬೂತಿನಿಂದ ಎರಡು ಕಡೆಗೂ ಫೋನು ಮಾಡಿದೆ. ಮಠದ ಹಾಸ್ಟೆಲಿನವರು ಬಹಳ ಒಳ್ಳೆಯ ಮಾತಾಡಿದರು. "ಮನೇಲಿ ಕಷ್ಟ ಅಂದ್ರೆ ಯಾವಾಗ ಬೇಕಾದ್ರೂ ಬಂದು ಕರ್ಕೊಂಡೋಗಿ ತಾಯಿ. ನಾವು ಬ್ಯಾಡ ಅನ್ನಲ್ಲ."

ಸಿಸ್ಟರು ಮಲಯಾಳದ ರಾಗದಲ್ಲಿ ಕನ್ನಡ ಮಾತಾಡಿದರು. "ದಸರಾ, ಕ್ರಿಸ್‌ಮಸ್, ಬೇಸಿಗೆ. ನಡುವಲ್ಲಿ ಬಿಡೋದಿಲ್ಲ. ಅಳಬೇಡಿ, ಬಿಡೋದಿಲ್ಲ."

ನಾನು ಅಳುತ್ತಿರಲಿಲ್ಲ.

ಮನೆಯಲ್ಲಿ ಎರಡನ್ನೂ ಹೇಳಿದೆ. ಎಲ್ಲರಿಗೂ ನಗರದ್ದೇ ಹಿಡಿಸಿತು. ಆದರೂ ಯಜಮಾನರು, "ನಾವ್ಯಾರೂ ಕಣ್ಣಲ್ಲಿ ಕಂಡಿಲ್ಲ. ವೀರಭದ್ರಂಗೆ ಬುಡನ. ನೀನೇ ಹೂ ಕೇಳು. ಬಲದ ಹೂ ಬಿದ್ರೆ ನಗರ, ಎಡದ್ದು ಬಿದ್ರೆ ಗುಂಡ್ಲುಪೇಟೆ ಕಡೇದು" ಎಂದರು.

ಸೋಮವಾರ ನಾವು ಮೂವರೂ ಗುಡಿಗೆ ಹೋದೆವು. ಅಷ್ಟು ಹೊತ್ತು ಅತ್ತೆಯ ಹತ್ತಿರ ಪಕ್ಕದ ಮನೆಯ ಚಿಕ್ಕನಿಂಗಮ್ಮ ಕೂತರು. ಪೂಜೆ ಮಾಡುವ ಐನೋರು ಗುರುಪಾದಸ್ವಾಮಿ ವೀರಭದ್ರನ ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ, "ನೆನಸ್ಕೊಳವ್ವ" ಎಂದರು. ಮಂಗಳಾರತಿಯ ಹೊಗೆ ಕಣ್ಣಿಗೆ ಹೋಯಿತು. ನಾನು ಏನನ್ನೂ ನೆನೆಯಲಿಲ್ಲ. ಮನೆಯಲ್ಲಿ ನೀರು ಒಲೆಯ ಮೇಲಿತ್ತು, ಅದು ಮಾತ್ರ ನೆನಪಿತ್ತು.

ದೇವರ ಬಲಭುಜದ ಹೂ ಜಾರಿ ಬಿತ್ತು.

"ಬಲ ಆಯ್ತು!" ಎಂದರು ಐನೋರು. ಯಜಮಾನರು ಕೈ ಮುಗಿದು, "ಸರಿ, ನಗರ ಬುಡಿ. ನಮ್ಮವ್ವಂಗೆ ಬ್ಯಾಸ್ರ ಆದಾಗ ಒಂದ್ ಗಳಿಗೇಲಿ ಕರ್ಕೊಂಡ್ಬರಬೋದು" ಎಂದರು.

ಆ ಮಾತು ಕಿವಿಗೆ ಬಿದ್ದಾಗ ನನ್ನ ಬಾಯಿ ತಾನಾಗಿಯೇ ತೆರೆಯಿತು.

"ಅದು ಎಡ ಅಲ್ವಾ?"

"ಏನಂದೆ?"

"ನಾನು ನನ್ನ ಬಲ ಅಂತ ನೆನಸ್ಕೊಂಡಿದ್ದೆ. ಹೂ ಬಿದ್ದಿರಾದು ನನ್ನ ಎಡಕ್ಕೆ."

ಗುಡಿಯಲ್ಲಿ ಬಲವೆಂದರೆ ದೇವರ ಬಲ, ನಮ್ಮದಲ್ಲ. ಊರಿನ ಮಗುವಿಗೂ ಗೊತ್ತು. ನನಗೆ ಗೊತ್ತಿಲ್ಲದೆ ಏನು. ಐನೋರು ತಟ್ಟೆ ಕೆಳಗಿಟ್ಟರು.

"ಇಷ್ಟು ವರ್ಸ ಗುಡಿಗೆ ಬಂದು ದೇವ್ರ ಬಲ ಯಾವ್ದು ಅಂತ ಗೊತ್ತಿಲ್ವೇನವ್ವ?"

"ಗೊತ್ತಾಗ್ನಿಲ್ಲ ಐನೋರೆ."

"ಎಡಬಲ ತಿಳೀದೋಳ ಕೈಲಿ ಹೂ ಕೇಳಿಸ್ಬುಟ್ನಲ್ಲ!" ಯಜಮಾನರು ಹಣೆ ಚಚ್ಚಿಕೊಂಡರು. "ಇವಳ್ನ ಲಾರೀಲಿ ಕೂರಿಸ್ಕೊಂಡು ದಾರಿ ಕೇಳಿದ್ರೆ ಕೇರಳಕ್ಕೆ ಓಗಾದ್ ಬುಟ್ಟು ಮೈಸೂರಲ್ಲಿ ಇರ್ತೀವಿ. ಐನೋರೆ, ಇನ್ನೊಂದ್ ಸಲ ಹೂ ಇಡಿ."

"ಒಂದು ಮಾತಿಗೆ ಎರಡು ಸಲ ಕೇಳಂಗಿಲ್ಲ ಕಣಪ್ಪ." ಐನೋರು ತಟ್ಟೆ ಮತ್ತೆ ಎತ್ತಿಕೊಂಡರು. "ಕೇಳಿದೋಳು ಎಂಗೆ ನೆನಸಿದ್ಳೋ ಅಂಗೇ ಲೆಕ್ಕ. ಗುಂಡ್ಲುಪೇಟೆ ಕಡೇದೇ ಆಯ್ತು."

ಪವಿತ್ರ ನನ್ನನ್ನು ನೋಡುತ್ತಿದ್ದಳು. ನಾನು ಬಿದ್ದ ಹೂ ಎತ್ತಿ ಅವಳ ಜಡೆಗೆ ಮುಡಿಸಿದೆ. ನನಗೆ ಸಂತೋಷವೇನೂ ಆಗಲಿಲ್ಲ. ಹಸಿರು ಗೇಟೊಂದು ಕಣ್ಣ ಮುಂದೆ ಬಂತು. ಅದರ ಒಳಗೆ ಏನೂ ಕಾಣಲಿಲ್ಲ.

ವಿಷಯ ಕೇಳಿ ಅತ್ತೆ ಗೋಡೆಯ ಕಡೆ ಮುಖ ಮಾಡಿದರು. ಮಧ್ಯಾಹ್ನ ನಾನು ಗಂಜಿ ತಂದೆ. ಅವರು ಬಾಯಿ ತೆರೆಯಲಿಲ್ಲ. ಚಮಚ ಹಿಡಿದು ಕೂತೇ ಇದ್ದೆ. ತಣ್ಣಗಾದ ಮೇಲೆ ಮತ್ತೆ ಬಿಸಿ ಮಾಡಿ ತಂದೆ. ಆಗ ಎರಡು ಗುಟುಕು ಕುಡಿದರು.

ಸಂಜೆ ಪವಿತ್ರ ಹಿತ್ತಿಲಿನಲ್ಲಿ ಪಾತ್ರೆ ತೊಳೆಯಲು ಬಂದು ಪಕ್ಕದಲ್ಲಿ ಕೂತಳು.

"ಅಮ್ಮ, ದೇವ್ರ ಬಲ ಯಾವ್ದು ಅಂತ ನಂಗೆ ನೀನೇ ಹೇಳ್ಕೊಟ್ಟಿದ್ದೆ."

"ಹೂಂ."

"ಅಲ್ಲಿಂದ ಭಾನುವಾರ ಬರಕ್ಕಾಗಲ್ಲ ಅಲ್ವಾ?"

"ಆಗಲ್ಲ ಕಣಮ್ಮಿ."

ಅವಳು ಒಂದು ಲೋಟ ತೊಳೆದಳು. ಅದನ್ನೇ ಮತ್ತೆ ತೊಳೆದಳು. ಒಳಗಿನಿಂದ ಅತ್ತೆ, "ಪವಿತ್ರಮ್ಮೀ" ಎಂದು ಕೂಗಿದರು. ಅವಳು ಬೂದಿಯ ಕೈಯಲ್ಲೇ ಎದ್ದಳು. ನಾನು ಅವಳ ಲಂಗ ಹಿಡಿದು ಕೂರಿಸಿದೆ.

"ನೀನು ಕೂತ್ಕೊ" ಎಂದು ಹೇಳಿ, ಕೈ ತೊಳೆದು, ನಾನೇ ಒಳಗೆ ಹೋದೆ.