ಹಾಲಿನ ಕ್ಯಾನಿನಲ್ಲಿ ನಲವತ್ತು ಕಪ್ಪೆ

ಪಾಲಹಳ್ಳಿಯ ಕೆಂಪಣ್ಣ ಹಾಲಿನ ಕ್ಯಾನಿನ ಮುಚ್ಚಳ ತೆಗೆದು ತೋರಿಸಿದಾಗ ನನಗೆ ಅಳಬೇಕೋ ಹಣೆ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಒಳಗೆ ನಲವತ್ತು ಕಪ್ಪೆ.

“ನಿಮ್ಗ್ಯಾಕೆ ಕೆಸ್ರು ತುಳ್ಯೋ ಕಷ್ಟ ಅಂತ ಬೆಳಗ್ಗೇನೇ ಎಲ್ಲಾನೂ ಇಡ್ದ್‌ಬುಟ್ಟೆ ಕನವ್ವ.”

ಮೂರು ವಾರದಿಂದ ಶ್ರೀರಂಗಪಟ್ಟಣದಿಂದ ಸ್ಕೂಟರಿನಲ್ಲಿ ಬಂದು ಇವರ ಗದ್ದೆ ಕಾಯುತ್ತಿದ್ದೇನೆ. ಇಲ್ಲಿರುವ ಗದ್ದೆಗಪ್ಪೆ ಒಂದು ಜಾತಿಯಲ್ಲ, ಎರಡು ಎಂಬುದು ನನ್ನ ಸಂಶೋಧನೆಯ ವಾದ. ಬಣ್ಣ, ಕಾಲು, ಬೆನ್ನಿನ ಗೆರೆ ಎಲ್ಲ ಒಂದೇ. ಕೂಗು ಮಾತ್ರ ಬೇರೆ: ಒಂದು ಬಿಡದೆ ಕಿರ್ರೆನ್ನುತ್ತದೆ, ಇನ್ನೊಂದು ತಡೆತಡೆದು ಕೂಗುತ್ತದೆ. ಕೂಗಿದ ಕಪ್ಪೆಯನ್ನೇ ಹಿಡಿದು, ಅದರ ಬೆರಳ ತುದಿಯ ಚೂರನ್ನು ಜೀನ್ ಪರೀಕ್ಷೆಗೆ ಕಳಿಸಬೇಕು. ಕಿರ್ರೆನ್ನುವವು ಒಂಬತ್ತು ಸಿಕ್ಕಿವೆ. ತಡೆದು ಕೂಗುವುದು ಒಂದೂ ಇಲ್ಲ. ನಾಳೆ ನಾಲೆಯ ನೀರು ನಿಲ್ಲಿಸುತ್ತಾರೆ. ಆಮೇಲೆ ಕೂಗೂ ಇಲ್ಲ, ನನ್ನ ಪ್ರಬಂಧವೂ ಇಲ್ಲ.

“ಇದರಲ್ಲಿ ಯಾವುದು ಹೇಗೆ ಕೂಗ್ತಿತ್ತು ಅಂತ ಈಗ ಯಾರನ್ನ ಕೇಳಲಿ ಕೆಂಪಣ್ಣೋರೆ? ನಿಮಗೆ ಎಲ್ಲಾ ಒಂದೇನಾ?” ಕಿರುಚಿಯೇಬಿಟ್ಟೆ.

“ನಿಮ್ಗೂ ಒಂದೇ ತರ ಕಾಣ್ತವೆ ಅಂತಾನೇ ಅಲ್ವಾ ನೀವು ಬಂದಿರೋದು?”

ಮೈಯೆಲ್ಲ ಉರಿಯಿತು. ಅವರು ಹೇಳಿದ್ದು ನಿಜವೆಂದು ಇನ್ನಷ್ಟು ಉರಿಯಿತು.

ಅವರ ಹೆಂಡತಿ ಜಯಲಕ್ಷ್ಮಮ್ಮ ಊರಿನ ಡೇರಿಯ ಕಾರ್ಯದರ್ಶಿ. ಗಲಾಟೆ ಕೇಳಿ ಬಂದವರೇ ಗಂಡನಿಗೆ ಹೇಳಿದರು: “ಅಲ್ಲಾ, ಒಬ್ಬೊಬ್ರ ಆಲ್ನೂ ಸ್ಯಾಂಪಲ್ ತಗೀದೆ ಕ್ಯಾನಿಗೆ ಸುರ್ಕೊಂಡ್ರೆ, ನೀರು ಬೆರ್ಸಿದೋರು ಯಾರು ಅಂತ ಆಮೇಲೆ ಎಂಗ್ ಏಳ್ಳಿ ನಾನು?”

ಮೂರು ವಾರ ನಾನು ಬಾಯಿ ಬಡಿದುಕೊಂಡದ್ದು ಆ ಒಂದು ಮಾತಿಗೆ ಅವರ ಗಂಡನ ತಲೆಗೆ ಹೋಯಿತು. ಕೆಂಪಣ್ಣ ಕ್ಯಾನು ಹೊತ್ತು ಹೋಗಿ ಎಲ್ಲವನ್ನೂ ಗದ್ದೆಗೆ ಬಿಟ್ಟರು.

ಸಂಜೆ ಬದುವಿನ ಮೇಲೆ ಇಬ್ಬರೂ ಕುಕ್ಕರುಗಾಲಲ್ಲಿ ಕೂತೆವು. ಕೊನೆಗೂ ತಡೆತಡೆದ ಕೂಗು ಎದ್ದಿತು. ರೆಕಾರ್ಡ್ ಮಾಡಿಕೊಂಡು, ಎದುರಿಗೆ ಕಂಡ ಕಪ್ಪೆಗೆ ಕೈ ಹಾಕಿದೆ. ಕೆಂಪಣ್ಣ ನನ್ನ ತೋಳು ಹಿಡಿದರು.

“ಅದಲ್ಲ ಕನವ್ವ. ಗಂಟ್ಲು ನೋಡಿ.”

ನಾನು ಹಿಡಿಯಹೊರಟದ್ದರ ಗಂಟಲು ಅಲುಗಲೇ ಇಲ್ಲ. ಕೂಗುತ್ತಿದ್ದದ್ದು ಗೇಣು ದೂರದಲ್ಲಿ, ಹುಲ್ಲಿನ ಮರೆಯಲ್ಲಿ, ಗಂಟಲು ಉಬ್ಬಿಸಿಕೊಂಡು ಕೂತಿದ್ದ ಇನ್ನೊಂದು. ಅದನ್ನು ಅವರೇ ಹಿಡಿದು ನನ್ನ ಚೀಲಕ್ಕೆ ಹಾಕಿದರು.

“ಬರ್ಕೊಳ್ಳಿ, ಅತ್ತನೇ ನಂಬರು.”

ಹಿಂದಿನ ಒಂಬತ್ತನ್ನು ಹಿಡಿಯುವಾಗ ನಾನು ಒಂದರ ಗಂಟಲನ್ನೂ ನೋಡಿರಲಿಲ್ಲ. ಪುಸ್ತಕ ತೆರೆದು ಒಂಬತ್ತು ಸಾಲನ್ನೂ ಗೆರೆ ಎಳೆದು ಹೊಡೆದುಹಾಕಿದೆ.

“ಒಂದನೇ ನಂಬರು, ಕೆಂಪಣ್ಣೋರೆ,” ಎಂದೆ.