ಬೈಗುಳದ ಉಳಿದರ್ಧ

ಸೊಸೆಯ ಚಾನೆಲ್ಲಿಗೆ ನಲವತ್ತು ಸಾವಿರ ಜನ ಸೇರಿದ್ದರು. ಅವರಲ್ಲಿ ಎಷ್ಟು ಜನರ ಮನೆಯಲ್ಲಿ ಹೊಲಿಗೆ ಯಂತ್ರವಿದೆ ಎಂದು ಕೇಳುವ ಬುದ್ಧಿ ಮಾತ್ರ ಯಾರಿಗೂ ಬಂದಿರಲಿಲ್ಲ.

ಬಟ್ಟೆ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದವಳು ಅವಳು. ಮನೆಯಲ್ಲಿ ಮೂಲೆ ಸೇರಿದ ಯಂತ್ರವನ್ನು ಜನರೇ ಸರಿಮಾಡಿಕೊಳ್ಳುವಂತೆ ಆನ್‌ಲೈನಿನಲ್ಲಿ ಕಲಿಸುತ್ತೇನೆಂದು ಮೂರು ತಿಂಗಳು ರಜೆ ಹಾಕಿದ್ದಳು. ಸೋಮವಾರದೊಳಗೆ ತರಗತಿಗೆ ಹತ್ತು ಜನ ಸೇರಬೇಕು, ಇಲ್ಲವಾದರೆ ಮತ್ತೆ ಕಾರ್ಖಾನೆ. ಬೆನ್ನ ಹಿಂದೆ ನಿಂತು ಗಡಿಯಾರ ನೋಡುವ ಮೇಸ್ತ್ರಿಯ ಕೈಕೆಳಗೆ ಮರಳಲು ಅವಳಿಗೆ ಸುತರಾಂ ಮನಸ್ಸಿರಲಿಲ್ಲ.

ಜನ ಬಂದದ್ದು ಅತ್ತೆಯಿಂದ. ಅದಕ್ಕೆ ಮೊದಲು ನೋಡುತ್ತಿದ್ದವರೆಂದರೆ ಗಂಡ, ಆಮೇಲೆ ಗಂಡನ ಇನ್ನೊಂದು ಫೋನು. ಒಂದು ದಿನ ಕ್ಯಾಮೆರಾ ಎದುರು ಮಾತಾಡುವ ಭರದಲ್ಲಿ ಸೊಸೆ ಏನೋ ಎಡವಟ್ಟು ಮಾಡಿ, ಬಟ್ಟೆಯಡಿ ದಾರ ಗಂಟುಗಂಟಾಯಿತು. ಮೂವತ್ತು ವರ್ಷ ದರ್ಜಿಯಾಗಿದ್ದ ಅತ್ತೆ ಕಿಟಕಿಯ ಬಳಿಯಿಂದಲೇ ಗದರಿದರು: "ಅದೇನು ಕೈಯೋ, ಸೌದೆ ತುಂಡೋ!" ಸೊಸೆ ಅಷ್ಟನ್ನೇ ಉಳಿಸಿ ಮುಂದಿನದನ್ನು ಕತ್ತರಿಸಿ ಹಾಕಿದಳು. ಜನ ಬಿದ್ದು ಬಿದ್ದು ನಕ್ಕರು. ಅಂದಿನಿಂದ ವಾರಕ್ಕೆರಡು ಬೈಗುಳ, ಎಲ್ಲಕ್ಕೂ ಅದೇ ಕತ್ತರಿ. ಅತ್ತೆಗೂ ಒಳಗೊಳಗೇ ಖುಷಿ. ಪುಟ್ಟ ಪರದೆ ಕಣ್ಣಿಗೆ ಹಿಡಿಯದೆಂದು ವಿಡಿಯೊ ನೋಡುತ್ತಿರಲಿಲ್ಲ, ಆದರೆ ಬೈಯುವ ದಿನ ಒಳ್ಳೆಯ ಕನ್ನಡಕ ಹಾಕಿಕೊಂಡೇ ಕೂರುತ್ತಿದ್ದರು.

ತರಗತಿಯ ಸುದ್ದಿ ಹಾಕಿದಾಗ ಪ್ರಶ್ನೆಗಳು ಸುರಿದವು. "ಕ್ಲಾಸಲ್ಲಿ ಅತ್ತೆ ಬೈತಾರಾ?" "ನಮ್ಮನೆಯವರಿಗೂ ಒಂದು ಬೈಗುಳ ಕಳಿಸ್ತೀರಾ?" ಸೇರಿದವರು ಮಾತ್ರ ಸೊನ್ನೆ.

"ಅಮ್ಮಂಗೆ ಇನ್ನೂ ಜೋರಾಗಿ ಬೈಯೋಕೆ ಹೇಳು," ಎಂದು ಗಂಡ ಸಲಹೆ ಕೊಟ್ಟ. ಸಲಹೆ ಕೊಡುವುದರಲ್ಲಿ ಅವನದು ಎತ್ತಿದ ಕೈ.

ಶುಕ್ರವಾರ, ನಗುವವರ ನಡುವೆ ಸಿಕ್ಕಿಕೊಂಡಂತೆ ಒಂದು ಸಾಲು ಕಂಡಿತು: "ಅಮ್ಮ ಬೈದ ಮೇಲೆ ಏನೋ ಹೇಳೋಕೆ ಹೊರಟಿದ್ರು, ಯಾಕೆ ಕತ್ತರಿಸಿದ್ರಿ? ನನ್ನ ಮೆಷಿನ್ನೂ ಹಾಗೇ ಗಂಟು ಹಾಕ್ತಿದೆ."

ಸೊಸೆ ಕತ್ತರಿಸದ ಮೂಲ ವಿಡಿಯೊ ಹುಡುಕಿ ತಾನೇ ಹಾಕಿಕೊಂಡು ಕೇಳಿದಳು. ಅತ್ತೆಯ ದನಿ ಕೋಣೆ ತುಂಬಿತು: "ಅದೇನು ಕೈಯೋ, ಸೌದೆ ತುಂಡೋ! ಕೆಳಗೆ ಗಂಟಾಯ್ತು ಅಂತ ಕೆಳಗೇ ಕೆದಕ್ತಾ ಕೂತ್ರೆ ಆಗತ್ತಾ? ತಪ್ಪು ಮೇಲಿರೋದು. ಬಟ್ಟೆ ಒತ್ತೋ ಪಾದ ಎತ್ತಿಟ್ಟು ದಾರ ಪೋಣಿಸು, ಆಗ ದಾರ ಒಳಗೆ ಸರಿಯಾಗಿ ಕೂರತ್ತೆ."

ಪ್ರತಿ ಬೈಗುಳದ ಬಾಲಕ್ಕೂ ಹೀಗೆ ಒಂದು ಪಾಠವಿತ್ತು. ಸೊಸೆಗೆ ನಾಚಿಕೆಯಾಯಿತು. ತಲೆಯೆತ್ತಿದರೆ ಬಾಗಿಲಲ್ಲಿ ಅತ್ತೆ.

"ಇದರಲ್ಲಿ ಎಷ್ಟನ್ನ ಹಾಕಿದ್ದೆ?"

"ಸೌದೆ ತುಂಡಿನವರೆಗೆ."

ಅತ್ತೆ ಬೈಯಲಿಲ್ಲ. ಒಳಗೆ ಹೋಗಿ, ಆ ಒಳ್ಳೆಯ ಕನ್ನಡಕವನ್ನು ಪೆಟ್ಟಿಗೆಯೊಳಗಿಟ್ಟರು. ನೂರು ಸಲ ಬೈಸಿಕೊಂಡರೂ ಸೊಸೆಗೆ ಅಷ್ಟು ನೋವಾಗುತ್ತಿರಲಿಲ್ಲ.

ಅವಳು ಎಲ್ಲ ಬೈಗುಳಗಳನ್ನೂ ಪೂರ್ತಿಯಾಗಿ ಮತ್ತೆ ಹಾಕಿದಳು, ತಲೆಬರಹವೂ ನೇರ: 'ಕೆಳಗೆ ದಾರ ಗಂಟಾಗುತ್ತಿದ್ದರೆ', 'ಸೂಜಿ ಪದೇ ಪದೇ ಮುರಿದರೆ'. ಬೋರು ಎಂದು ಬೈದು ಸಾವಿರಾರು ಜನ ಜಾಗ ಖಾಲಿ ಮಾಡಿದರು. ಉಳಿದವರು ತಮ್ಮ ಯಂತ್ರಗಳ ಫೋಟೊ ಕಳಿಸತೊಡಗಿದರು: ತುಕ್ಕು ಹಿಡಿದದ್ದು, ಅಜ್ಜಿ ಬಿಟ್ಟುಹೋದದ್ದು, ಟಿವಿ ಇಡುವ ಮೇಜಾದದ್ದು. ಶನಿವಾರ ನಾಲ್ವರು ಸೇರಿದರು, ಭಾನುವಾರ ಐವರು.

ಸೋಮವಾರ ಬೆಳಿಗ್ಗೆ ಮೇಸ್ತ್ರಿಯ ಫೋನು ಬಂತು. ಸೊಸೆ ಪಟ್ಟಿ ನೋಡಿದಳು. ಒಂಬತ್ತು. ಅತ್ತೆ ಫೋನು ಕಿತ್ತುಕೊಂಡರು.

"ಅವಳು ಬರಲ್ಲ. ಕ್ಲಾಸಿದೆ," ಎಂದು ಕಟ್ ಮಾಡಿದರು.

"ಒಂಬತ್ತೇ ಜನ ಅತ್ತೆ."

"ಹತ್ತನೆಯವಳು ನಾನು, ಬರ್ಕೊ."

"ಮೆಷಿನ್ ವಿಷಯ ನಿಮಗೆ ನಾನೇನು ಕಲಿಸಲಿ?"

ಅತ್ತೆ ಪೆಟ್ಟಿಗೆ ತೆರೆದು ಒಳ್ಳೆಯ ಕನ್ನಡಕ ಹಾಕಿಕೊಂಡರು. "ಮೆಷಿನ್ ಯಾರಿಗೆ ಬೇಕು? ಆ ವಿಡಿಯೊ ಕತ್ತರಿಸೋದು ಹೇಗೆ ಅಂತ ಹೇಳ್ಕೊಡು. ಇನ್ಮೇಲೆ ನಿನ್ನ ಮಾತನ್ನ ನಾನು ಕತ್ತರಿಸ್ತೀನಿ."