ಮಣ್ಣಿಗೆ ಬಡಿಸುವ ಆಟ

ನನ್ನ ಹೆಂಡತಿ ಅಫ್ಜಲುನ್ನೀಸಾ ತೀರಿಕೊಂಡ ಸುದ್ದಿ ಬಂದಾಗ ನಾನು ಅಂಗಡಿಯಲ್ಲಿ ಕೂತು ಒಂದು ಹಾಸಿಗೆಯ ಬಾಯಿ ಹೊಲಿಯುತ್ತಿದ್ದೆ. ಬೆಳಿಗ್ಗೆ ಅಂಗನವಾಡಿ ಟೀಚರುಗಳ ಮೀಟಿಂಗಿಗೆಂದು ಮಿಡಿಗೇಶಿಯಿಂದ ಮಧುಗಿರಿಯ ಬಸ್ಸು ಹತ್ತಿದ್ದಳು. ಮೀಟಿಂಗು ಶುರುವಾಗುವ ಮೊದಲೇ, ಮೆಟ್ಟಿಲು ಹತ್ತುವಾಗ, ಎದೆ ಹಿಡಿದುಕೊಂಡು ಕೂತಳಂತೆ. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಜೀವ ಹೋಗಿತ್ತು. ಅವಳ ಜೊತೆಯ ಟೀಚರೊಬ್ಬರು ಫೋನಿನಲ್ಲಿ ಇಷ್ಟನ್ನು ಹೇಳಿ ಅತ್ತರು. ನಾನು ದಾರ ಎಳೆದು, ಗಂಟು ಹಾಕಿ, ಕತ್ತರಿಸಿದೆ. ಬಾಯಿ ತೆರೆದ ಹಾಸಿಗೆಯನ್ನು ಬಿಟ್ಟು ಏಳಬಾರದೆಂದು ನನ್ನ ತಂದೆ ಕಲಿಸಿದ್ದರು. ಆಮೇಲೆ ಅಂಗಡಿಯ ಬಾಗಿಲು ಹಾಕಿದೆ. ಕೊಟ್ಟವನೇ ತೆಗೆದುಕೊಂಡ ಎಂದು ಬಾಯಿ ಹೇಳಿತು. ಮನಸ್ಸು ಇನ್ನೂ ಹೇಳಿರಲಿಲ್ಲ.

ಮಧ್ಯಾಹ್ನದ ಊಟದ ಹೊತ್ತಿಗೆ ಆಂಬುಲೆನ್ಸು ಬಂತು. ನಮ್ಮ ಓಣಿಯೊಳಗೆ ವಾಹನ ತಿರುಗುವುದಿಲ್ಲ. ಓಣಿಯ ಮೊದಲಲ್ಲೇ ಇರುವ ಅವಳ ಅಂಗನವಾಡಿಯ ಮುಂದೆ ನಿಲ್ಲಿಸಿ, ಅಲ್ಲಿಂದ ಮನೆಗೆ ಹೊತ್ತು ತಂದೆವು. ಆಸ್ಪತ್ರೆಯವರು ಅವಳನ್ನು ನೀಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಕಟ್ಟಿದ್ದರು. ಗಾಳಿಗೆ ಅದು ಪರಪರ ಎನ್ನುತ್ತಿತ್ತು. ಮಕ್ಕಳನ್ನು ಒಳಗೆ ಕರೆದುಕೊಳ್ಳಲು ಆಯಾ ಬಸವಮ್ಮನಿಗೆ ತೋಚಲಿಲ್ಲ. ಆಕೆಯೇ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಳು. ಕಿಟಕಿಯ ಸರಳು ಹಿಡಿದು ಮಕ್ಕಳೆಲ್ಲ ನೋಡುತ್ತಿದ್ದವು.

ಶಿರಾದಲ್ಲಿರುವ ನಮ್ಮ ಮಗಳು ಆಫ್ರೀನ್ ಬಂದ ಮೇಲೆ ಹೆಂಗಸರು ಮೈತೊಳೆಸಿ ಸಿದ್ಧಮಾಡಿದರು. ಹೊತ್ತು ಮುಳುಗುವ ಮೊದಲು ಮಣ್ಣು ಮಾಡಿದೆವು. ಮಣ್ಣಿನಿಂದ ಬಂದವರು ಮಣ್ಣಿಗೆ ಮರಳಿ, ಒಂದು ದಿನ ಅದರಿಂದಲೇ ಎದ್ದು ಬರುತ್ತೇವೆ ಎಂಬ ಅರ್ಥದ ಮಾತು ಹೇಳುತ್ತ ನಾನೂ ಮೂರು ಹಿಡಿ ಹಾಕಿದೆ. ಎಷ್ಟೋ ಜನರಿಗೆ ಹಾಕಿದ್ದೇನೆ. ಆ ದಿನ ಮೂರನೆಯ ಹಿಡಿಯ ಮಣ್ಣು ಕೈಯಿಂದ ಬೇಗ ಬೀಳಲಿಲ್ಲ.

ಅವಳ ಅಂಗನವಾಡಿಯ ಹಿಂದೆ ಬೇವಿನ ಮರದ ಬುಡದಲ್ಲಿ ಸಣ್ಣ ಸಣ್ಣ ಗುಂಡಿಗಳಿದ್ದವು. ಮಣ್ಣಿಗೆ ಬಡಿಸುವ ಆಟ ಎಂದು ಅವಳು ಅದಕ್ಕೆ ಹೆಸರಿಟ್ಟಿದ್ದಳು. ಮಕ್ಕಳು ತಮಗೆ ಸಿಕ್ಕಿದ್ದನ್ನು ತಂದು ಹೂಳಬೇಕು: ಬಾಳೆಹಣ್ಣಿನ ಸಿಪ್ಪೆ, ಮುತ್ತುಗದ ಎಲೆ, ಶಾಂಪೂ ಚೀಟಿ, ಚಿಪ್ಸ್ ಪ್ಯಾಕೆಟು. ಗುರುತಿಗೆ ಒಂದೊಂದು ಕಡ್ಡಿ. ತಿಂಗಳಾದ ಮೇಲೆ ಹಳೆಯ ಸ್ಟೀಲ್ ಚಮಚದಿಂದ ಕೆದಕಿ ನೋಡುವುದು. ಮಣ್ಣು ತಿಂದಿದ್ದರೆ ಎಲ್ಲರೂ ಚಪ್ಪಾಳೆ ತಟ್ಟಬೇಕು. ತಿನ್ನದೆ ಬಿಟ್ಟಿದ್ದರೆ ಅದನ್ನು ತೊಳೆದು, ಚೀಲಕ್ಕೆ ಹಾಕಿ, ಪಂಚಾಯ್ತಿಯ ಕಸದ ಗಾಡಿಗೆ ಕೊಡಬೇಕು. ಮನೆಗೆ ಬಂದವರ ಎಲೆಗೆ ತಿನ್ನಲಾಗದ್ದನ್ನು ಬಡಿಸುತ್ತೇವೆಯೇ, ಮಣ್ಣಿಗೆ ಮಾತ್ರ ಯಾಕೆ ಬಡಿಸಬೇಕು ಎಂದು ಕೇಳುವಳು. ಉಪದೇಶವೆಂದರೆ ಅಷ್ಟೇ.

ನನ್ನ ಅಂಗಡಿಯಿಂದಲೂ ಒಮ್ಮೆ ಒಂದು ಹಿಡಿ ಹತ್ತಿ, ಒಂದು ತುಂಡು ಸ್ಪಂಜು ಒಯ್ದಿದ್ದಳು. ಹತ್ತಿಯನ್ನು ಮಣ್ಣು ತಿಂದಿತು. ಸ್ಪಂಜು ಹೋದ ಹಾಗೆಯೇ ಹಿಂದಕ್ಕೆ ಬಂತು. ಅದನ್ನು ನನ್ನ ಮುಂದಿಟ್ಟು, "ನಿಮ್ಮ ಅಂಗಡಿಯ ಅರ್ಧ ಮಾಲು ಮಣ್ಣಿಗೂ ಬೇಡವಂತೆ ನೋಡಿ" ಎಂದು ನಕ್ಕಿದ್ದಳು.

ಆ ಆಟದಲ್ಲಿ ಎಲ್ಲರಿಗಿಂತ ಮುಂದೆ ಇದ್ದವಳು ಬಸವಮ್ಮನ ಮೊಮ್ಮಗಳು, ಐದು ವರ್ಷದ ಲೋಹಿತಾ. ಅವಳ ತಾತ ಅಡವಯ್ಯ ಗುಟ್ಕಾ ಚೀಟಿಯನ್ನು ಬೀದಿಗೆಸೆದರೆ ಹೆಕ್ಕಿ ತಂದು ಮತ್ತೆ ಅವನ ಜೇಬಿಗೇ ಹಾಕುತ್ತಿದ್ದಳು. ಮಣ್ಣಿಗೆ ಬೇಡ, ನೀನೇ ಮಡಿಕೋ ಎನ್ನುತ್ತಿದ್ದಳಂತೆ. ನನ್ನ ಜೇಬು ಕಸದ ಗಾಡಿಯಾಗಿದೆ ಎಂದು ಅಡವಯ್ಯ ಅರಳಿಕಟ್ಟೆಯ ಮೇಲೆ ಕೂತು ದೂರುತ್ತಿದ್ದ. ಆ ದೂರಿನಲ್ಲಿ ಹೆಮ್ಮೆಯೂ ಇತ್ತು.

ಮಣ್ಣು ಮಾಡಿದ ಮೂರನೆಯ ದಿನ ಜಿಯಾರತ್, ಗೋರಿಗೆ ಹೋಗಿ ಪ್ರಾರ್ಥಿಸುವ ದಿನ. ಬೆಳಗಿನ ನಮಾಜು ಮುಗಿಸಿ, ಹೂವು ಹಿಡಿದು, ನಾವು ಕೆಲವರು ಖಬರಸ್ತಾನಕ್ಕೆ ಹೋದೆವು. ಅಫ್ಜಲುನ್ನೀಸಾಳ ಗೋರಿಯ ಪಕ್ಕದಲ್ಲಿ ಲೋಹಿತಾ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಕೈಯಲ್ಲಿ ಅಂಗನವಾಡಿಯ ಆ ಚಮಚ. ಹಸಿ ಮಣ್ಣನ್ನು ಅಂಗೈ ಆಳದಷ್ಟು ಕೆದಕಿದ್ದಳು.

ನನ್ನ ತಮ್ಮನ ಮಗ ನವಾಜ್ ಓಡಿಹೋಗಿ ಚಮಚ ಕಿತ್ತುಕೊಂಡು ಗದರಿಸಿದ. ಹುಡುಗಿ ಅಳಲಿಲ್ಲ, ಲಂಗದ ಮಡಿಲನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಳು. ಅಷ್ಟರಲ್ಲಿ ಮೊಮ್ಮಗಳನ್ನು ಹುಡುಕುತ್ತ ಬಸವಮ್ಮ ಬಂದಳು. ಕಂಡದ್ದನ್ನು ನಂಬಲಾರದೆ ಬೇಲಿಯ ಹೊರಗೇ ನಿಂತು ಕೈಮುಗಿದಳು.

"ತಪ್ಪಾಯ್ತು ಸಾಬ್ರೆ. ಇಂಗೆ ಮಾಡ್ತಾಳೆ ಅಂತ ಯಾರ್ ಕಂಡಿದ್ರು? ಇವತ್ತೇ ಆ ಗುಂಡಿಗೆಲ್ಲ ಮಣ್ಣು ಎಳೆದ್ಬುಡ್ತೀನಿ. ಆ ಆಟವೇ ಬ್ಯಾಡ."

ಬಸವಮ್ಮನ ಮಾತೇ ಸರಿ ಎಂದ ನವಾಜ್. ಟೀಚರಮ್ಮನನ್ನು ಮಣ್ಣು ತಿನ್ನುತ್ತದೆ ಎಂದು ಮಕ್ಕಳು ಮನೆಮನೆಯಲ್ಲಿ ಹೇಳುತ್ತಿವೆ, ತಾಯಂದಿರು ಹೆದರಿದ್ದಾರೆ, ಅಂಗಳಕ್ಕೆ ಸಿಮೆಂಟು ಹಾಕಿಸಿದರೆ ಒಳ್ಳೆಯದು ಎಂದು ಅವನೇ ತಿಳಿಸಿದ. ಅವಳು ಹೋದದ್ದು ದೇವರ ಇಚ್ಛೆ. ಆದರೆ ಅವಳು ಇಷ್ಟು ವರ್ಷ ಕಲಿಸಿದ್ದು ಕೆಟ್ಟದ್ದೆನ್ನಿಸಿಕೊಂಡು ಅವಳ ಹಿಂದೆಯೇ ಮುಚ್ಚಿಹೋಗುತ್ತದಲ್ಲ ಎನ್ನಿಸಿತು. ಆದರೂ ನನಗೂ ಒಂದು ಅನುಮಾನ ಬಂತು. ಈ ಮಗು ತನ್ನ ಟೀಚರನ್ನು ತಿಂಗಳಾದ ಮೇಲೆ ತೆಗೆಯುವ ವಸ್ತುವೆಂದು ತಿಳಿದು ಇಲ್ಲಿಗೆ ಬಂದಿದ್ದರೆ, ಅದನ್ನು ಕಲಿಸಿದವಳು ಅವಳೇ ತಾನೆ?

ನಾನು ಹುಡುಗಿಯ ಎದುರು ಕೂತೆ. ಟೀಚರಮ್ಮನನ್ನು ನಾವು ಯಾರೂ ಹೊರಗೆ ತೆಗೆಯುವ ಹಾಗಿಲ್ಲ ಮಗಾ, ಎಬ್ಬಿಸುವವನು ಮೇಲಿದ್ದಾನೆ, ಅವನು ಎಬ್ಬಿಸಿದಾಗಲೇ ಏಳುವುದು ಎಂದೆ.

"ಎಬ್ಸಾಕಲ್ಲ ಸಾಬ್ ತಾತ," ಎಂದಳು. "ಪ್ಲಾಸ್ಟಿಕ್ ಬಿಚ್ಚಾಕೆ."

ಯಾರಿಗೂ ಅರ್ಥವಾಗಲಿಲ್ಲ. ಅವಳೇ ಮತ್ತೆ ಹೇಳಿದಳು.

"ಟೀಚರಮ್ಮಂಗೆ ನೀಲಿ ಪ್ಲಾಸ್ಟಿಕ್ ಸುತ್ತಿದ್ರಲ್ಲ, ನಾನು ಕಿಟಕೀಲಿ ನೋಡ್ದೆ. ಅಂಗೇ ಮುಚ್ಬುಟ್ರೆ ಮಣ್ಣು ತಿನ್ನಾಕಿಲ್ಲ. ಚಿಪ್ಸ್ ಪ್ಯಾಕೆಟ್ ತರ ಅಂಗೇ ಬಿದ್ದಿರ್ತಾರೆ, ಪಾಪ."

ನವಾಜನ ಕೈಯಲ್ಲಿದ್ದ ಚಮಚ ಕೆಳಗಿಳಿಯಿತು. ಆಗ ನಾನು ಅವಳ ಮಡಿಲಿನಲ್ಲಿ ಏನಿದೆಯೆಂದು ನೋಡಿದೆ. ಮಣ್ಣು ಮಾಡಿದ ದಿನ ನಾವೇ ಅಲ್ಲಿ ಬಿಟ್ಟುಬಂದಿದ್ದ ಊದುಬತ್ತಿಯ ಕವರು, ಪನ್ನೀರಿನ ಬಾಟಲಿ, ಹೂವು ತಂದ ಪ್ಲಾಸ್ಟಿಕ್ ಚೀಲ. ಕೆದಕುವ ಮೊದಲು ಎಲ್ಲವನ್ನೂ ಹೆಕ್ಕಿದ್ದಳು.

ತಿನ್ನುವುದು ಎಂಬ ಮಾತಿಗೆ ಊರಿನ ದೊಡ್ಡವರೆಲ್ಲ ಹೆದರಿದ್ದೆವು. ಈ ಮಗುವಿಗೆ ಅದು ಚಪ್ಪಾಳೆ ತಟ್ಟುವ ಮಾತು. ತನ್ನ ಟೀಚರಿಗೆ ಆ ಚಪ್ಪಾಳೆ ಸಿಗದೆ ಹೋಗುತ್ತದೆ ಎಂಬುದೇ ಅವಳ ಸಂಕಟ.

ಆ ಪ್ಲಾಸ್ಟಿಕ್ಕನ್ನು ಮನೆಯಲ್ಲೇ ತೆಗೆದರು, ಬಿಳಿ ಬಟ್ಟೆ ಸುತ್ತಿದರು ಎಂದು ನಾನು ಹೇಳಿದೆ.

"ನೀನ್ ನೋಡ್ದಾ ತಾತ?"

ನಾನು ನೋಡಿರಲಿಲ್ಲ. ನಮ್ಮಲ್ಲಿ ಹೆಂಗಸರನ್ನು ಹೆಂಗಸರೇ ತೊಳೆಯುವುದು. ನಾನು ಹೊರಗೆ ಕೂತಿದ್ದೆ. ಗೋರಿಯ ಪಕ್ಕದಲ್ಲಿ ಕೂತು ನೋಡಿದೆನೆಂದು ಹೇಗೆ ಹೇಳಲಿ? ಫಾತಿಹಾ ಓದಿ, ಕೆದಕಿದ ಮಣ್ಣನ್ನು ಸರಿಮಾಡಿ, ಲೋಹಿತಾಳ ಕೈ ಹಿಡಿದು ಮನೆಗೆ ಕರೆದುಕೊಂಡು ಬಂದೆ. ಬಸವಮ್ಮ ಹಿಂದೆಯೇ ಬಂದಳು.

ಆಫ್ರೀನ್ ಮೂಲೆಯಲ್ಲಿ ತಸಬಿ ಮಣಿ ಹಿಡಿದು ಕೂತಿದ್ದಳು. ವಿಷಯ ಹೇಳಿದೆ. ಅವಳು ಲೋಹಿತಾಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ತಾಯಿ ಹೋದ ಮೇಲೆ ಮೊದಲ ಸಲ ಅವಳ ದನಿ ನೆಟ್ಟಗೆ ಬಂತು. ನೀಲಿ ಹಾಳೆಯನ್ನು ನಾನೇ ಕತ್ತರಿಯಿಂದ ಕತ್ತರಿಸಿ ತೆಗೆದು ಕಸದ ಗಾಡಿಗೆ ಕೊಟ್ಟೆ, ಬೋರೆ ಎಲೆ ಹಾಕಿ ಕಾಯಿಸಿದ ನೀರಿನಲ್ಲಿ ಅಮ್ಮಿಗೆ ಸ್ನಾನ ಮಾಡಿಸಿದೆ, ಓಲೆ ತೆಗೆದೆ, ಬಳೆ ತೆಗೆದೆ ಎಂದು ಒಂದೊಂದಾಗಿ ಹೇಳಿದಳು.

"ತಲೆ ಕ್ಲಿಪ್ಪು?" ಎಂದು ಕೇಳಿದಳು ಲೋಹಿತಾ. ಆ ಕ್ಲಿಪ್ಪು ಕೆಂಪು ಪ್ಲಾಸ್ಟಿಕ್ಕಿನದು. ಅಂಗನವಾಡಿಯ ಎಲ್ಲ ಮಕ್ಕಳಿಗೂ ಗೊತ್ತಿತ್ತು.

"ಅದನ್ನೂ ತೆಗೆದೆ ಕಣಮ್ಮ. ಇಗೋ, ಗೂಡಿನಲ್ಲಿದೆ."

ಹುಡುಗಿ ಎದ್ದು ಹೋಗಿ ನೋಡಿ ಬಂದಳು. ಆಮೇಲೆ ಆಫ್ರೀನ್ ತಾಯಿಗೆ ಸುತ್ತಿದ ಕಫನಿನ ಬಟ್ಟೆಯಲ್ಲಿ ಉಳಿದಿದ್ದ ಒಂದು ಪಟ್ಟಿಯನ್ನು ಪೆಟ್ಟಿಗೆಯಿಂದ ತೆಗೆದು ಕೊಟ್ಟಳು. ಅಂಚಿಲ್ಲ, ಹೊಲಿಗೆಯಿಲ್ಲ, ಗುಂಡಿಯಿಲ್ಲ. ಲೋಹಿತಾ ಅದನ್ನು ಬೆಳಕಿಗೆ ಹಿಡಿದಳು, ಎಳೆದು ನೋಡಿದಳು. ಇದನ್ನು ಮಣ್ಣು ತಿನ್ನುತ್ತದೆಯೇ ಎಂದು ನನ್ನನ್ನು ಕೇಳಿದಳು.

ಹುಟ್ಟಿದಾಗಿನಿಂದ ಹತ್ತಿಯ ನಡುವೆ ಇರುವವನು ನಾನು. ಹೌದೆನ್ನಬಹುದಿತ್ತು. ಆದರೆ ಅಫ್ಜಲುನ್ನೀಸಾ ಹಾಗೆ ಹೇಳುತ್ತಿರಲಿಲ್ಲ. ನೋಡೋಣ ಬಾ ಎಂದೆ.

ಬೇವಿನ ಮರದ ಬುಡದಲ್ಲಿ ಒಂದು ಗುಂಡಿಗೆ ಆ ಪಟ್ಟಿ, ಪಕ್ಕದ ಗುಂಡಿಗೆ ಹೂವು ತಂದ ಚೀಲ. ಲೋಹಿತಾ ಕಡ್ಡಿ ನೆಟ್ಟಳು. ಬಸವಮ್ಮ ಗುದ್ದಲಿ ತರಲು ಹೋಗಲಿಲ್ಲ. ಹೋಗುವಾಗ ನನ್ನ ಕಡೆ ತಿರುಗಿ, "ನಾನೂ ಏನೋ ಅನ್ಕಂಡ್ಬುಟ್ಟಿದ್ದೆ ಸಾಬ್ರೆ" ಎಂದಳು. ಸಿಮೆಂಟಿನ ಮಾತನ್ನು ನವಾಜ್ ಮತ್ತೆ ಎತ್ತಲಿಲ್ಲ.

ನಲವತ್ತನೆಯ ದಿನದ ಫಾತಿಹಾಕ್ಕೆ ಮನೆಯಲ್ಲಿ ಅಡುಗೆಯಾಗುತ್ತಿತ್ತು. ಆ ಬೆಳಿಗ್ಗೆ ಗುಂಡಿ ತೆಗೆಯುವುದೆಂದು ಗೊತ್ತುಮಾಡಿದ್ದೆವು. ನಡುವೆ ಎರಡು ಒಳ್ಳೆಯ ಮಳೆ ಬಂದಿದ್ದವು. ಮಳೆ ಬಾರದ ದಿನ ಮಕ್ಕಳು ಊಟಕ್ಕೆ ಮೊದಲು ಕೈ ತೊಳೆದ ನೀರನ್ನು ಅಲ್ಲಿಗೇ ಸುರಿದಿದ್ದವು. ಹೊಸ ಟೀಚರು ಇನ್ನೂ ಬಂದಿರಲಿಲ್ಲ. ಬಸವಮ್ಮ ಮಕ್ಕಳನ್ನು ಸುತ್ತ ನಿಲ್ಲಿಸಿದಳು. ಕೆಲವು ತಾಯಂದಿರೂ ಬಂದು ದೂರದಲ್ಲಿ ನಿಂತರು. ಅಡವಯ್ಯ ಬಂದ. ಗುಟ್ಕಾ ಇಲ್ಲದೆ ಬಾಯಿ ಖಾಲಿಯಿತ್ತು.

ಮೊದಲು ಚೀಲ ತೆಗೆದರು. ಹೂವಿನಂಗಡಿಯ ಹೆಸರು ಸಮೇತ ಹಾಗೆಯೇ ಇತ್ತು. ಒಂದು ಮಗು ಅದನ್ನು ನಲ್ಲಿಯ ಹತ್ತಿರ ಒಯ್ದು ತೊಳೆಯಿತು. ಆಮೇಲೆ ಲೋಹಿತಾ ಇನ್ನೊಂದು ಗುಂಡಿಯನ್ನು ಕೆದಕಿದಳು. ನಿಧಾನವಾಗಿ, ನಿದ್ದೆ ಮಾಡುವವರ ಹೊದಿಕೆ ಸರಿಸುವ ಹಾಗೆ. ಮೂರು ನಾಲ್ಕು ಕಪ್ಪು ಎಳೆಗಳು ಕಂಡವು. ಚಮಚ ತಾಗಿದೊಡನೆ ಅವೂ ಮಣ್ಣಿನಲ್ಲಿ ಮಣ್ಣಾದವು. ಅವಳು ಇನ್ನಷ್ಟು ಕೆದಕಿದಳು. ಒಂದು ಎರೆಹುಳು ಬಿಟ್ಟರೆ ಬೇರೇನೂ ಇರಲಿಲ್ಲ.

"ತಿಂದೈತೆ ತಾತ," ಎಂದಳು, ಮೆಲ್ಲಗೆ.

ಮಕ್ಕಳು ಚಪ್ಪಾಳೆ ತಟ್ಟಿದವು. ಸಾವಿನ ಮನೆಯ ಕೂಗಳತೆಯಲ್ಲಿ ಚಪ್ಪಾಳೆ ಬೇಡವೆಂದು ಯಾರೂ ತಡೆಯಲಿಲ್ಲ. ಒಬ್ಬ ತಾಯಿ ಕಣ್ಣೊರೆಸಿಕೊಂಡಳು. ಆ ಗುಂಡಿಯಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡೆ. ಸಡಿಲವಾಗಿತ್ತು, ತಣ್ಣಗಿತ್ತು. ಆ ದಿನ ಬೇಗ ಬೀಳದಿದ್ದ ಮೂರನೆಯ ಹಿಡಿ ನೆನಪಾಯಿತು. ಕೈಯಲ್ಲಿದ್ದ ಮಣ್ಣನ್ನು ಅಲ್ಲಿಯೇ ಬಿಟ್ಟು, ಕೈ ತೊಳೆದುಕೊಂಡು, ಖಬರಸ್ತಾನಕ್ಕೆ ನಡೆದೆ.

ಯಾ ಅಲ್ಲಾಹ್, ಮಣ್ಣಿಗೆ ಬೇಡದ್ದನ್ನು ಬಡಿಸಬಾರದೆಂದು ನಿನ್ನ ಪುಟ್ಟ ಮಕ್ಕಳಿಗೆ ಕಲಿಸಿದವಳು ಅವಳು. ಬರಿಯ ಬಿಳಿ ಬಟ್ಟೆಯಲ್ಲಿ ಅವಳನ್ನು ನಿನ್ನ ಮಣ್ಣಿಗೆ ಒಪ್ಪಿಸಿದ್ದೇವೆ. ಅವಳ ತಪ್ಪುಗಳನ್ನು ಮನ್ನಿಸು. ಅವಳ ಗೋರಿಯಲ್ಲಿ ಬೆಳಕು ತುಂಬು. ನೀನು ಎಬ್ಬಿಸುವ ದಿನದವರೆಗೆ ಅವಳು ನೆಮ್ಮದಿಯಾಗಿ ಮಲಗಿರಲಿ. ಆಮೀನ್.